ಫೋನ್ ಎತ್ತಿದವರಿಗೆ ಎಂಟಾಣೆಯೂ ಇಲ್ಲ

ಗುರುತಿಲ್ಲದ ನಂಬರಿನಿಂದ ಫೋನ್ ಬರುತ್ತೆ. ಎತ್ತಿ ‘ಹಲೋ’ ಅಂತೀರಿ. ಆ ಕಡೆ ಯಾರೂ ಮಾತಾಡಲ್ಲ. ಒಂದೆರಡು ಸೆಕೆಂಡು ಮೌನ. ಆಮೇಲೆ ‘ಟಕ್’ ಅಂತ ಸಣ್ಣ ಸದ್ದು, ಅದರ ಹಿಂದೆಯೇ ನಗುನಗುತ್ತಾ ಒಂದು ಹೆಣ್ಣು ದನಿ: ‘ನಿಮಗೆ ಹತ್ತು ಲಕ್ಷದವರೆಗೆ ಪರ್ಸನಲ್ ಲೋನ್ ಮಂಜೂರಾಗಿದೆ, ಬೇಕಿದ್ದರೆ ಒಂದನ್ನು ಒತ್ತಿ.’ ನೀವು ‘ಬೇಡ ಕಣಮ್ಮ’ ಅಂದರೂ ಅದು ನಿಲ್ಲಲ್ಲ. ಕೇಳಿಸಿಕೊಳ್ಳೋ ಕಿವಿ ಅದಕ್ಕೆ ಇದ್ದರೆ ತಾನೇ?

ಆ ಮೌನ ಯಾಕೆ ಅಂತ ಯಾವತ್ತಾದರೂ ಯೋಚಿಸಿದ್ದೀರಾ? ಕರೆ ಮಾಡುತ್ತಿರೋದು ಡಯಲರ್ ಅನ್ನೋ ಸಾಫ್ಟ್‌ವೇರು. ಅದು ಒಂದೇ ಸಲಕ್ಕೆ ಹತ್ತಾರು ನಂಬರುಗಳಿಗೆ ಫೋನ್ ಹಚ್ಚುತ್ತೆ. ಯಾರು ಮೊದಲು ಎತ್ತುತ್ತಾರೋ ಅವರನ್ನು ಖಾಲಿ ಕೂತಿರುವ ಟೆಲಿಕಾಲರ್‌ಗೆ ಜೋಡಿಸುತ್ತೆ. ಯಾರೂ ಖಾಲಿ ಇಲ್ಲ ಅಂದರೆ ನಿಮ್ಮ ಕರೆ ತಾನಾಗೇ ಕಟ್. ರೆಕಾರ್ಡ್ ಮಾಡಿದ ದನಿಯಾದರೆ ನಿಮ್ಮ ‘ಹಲೋ’ ಮುಗಿಯಲಿ ಅಂತ ಕಾಯುತ್ತಿರುತ್ತೆ. ಅಂದರೆ ಆ ಎರಡು ಸೆಕೆಂಡು ನೀವು ಒಂದು ಮಷೀನಿನ ಕ್ಯೂನಲ್ಲಿ ನಿಂತಿರುತ್ತೀರಿ. ನಿಮ್ಮದೇ ಫೋನು, ನಿಮ್ಮದೇ ಸಮಯ, ಕಾಯೋದು ಮಾತ್ರ ನೀವು.

ಇದನ್ನು ಬರೀ ಕಿರಿಕಿರಿ ಅಂತ ತಳ್ಳಿಹಾಕಬಹುದು. ಬಹಳ ಜನ ಹಾಗೇ ಮಾಡಿದ್ದೇವೆ. ಗುರುತಿಲ್ಲದ ನಂಬರನ್ನು ಎತ್ತೋದೇ ಬಿಟ್ಟಿದ್ದೇವೆ. ನಷ್ಟ ಇರೋದೇ ಅಲ್ಲಿ. ರಕ್ತ ಬೇಕು ಅಂತ ಆಸ್ಪತ್ರೆಯಿಂದ ಬರುವ ಫೋನು ಗುರುತಿಲ್ಲದ ನಂಬರಿನಿಂದಲೇ ಬರುತ್ತೆ. ಅಪ್ಪ ರಸ್ತೆಯಲ್ಲಿ ಬಿದ್ದರು ಅಂತ ಯಾರೋ ಪುಣ್ಯಾತ್ಮ ತನ್ನ ಫೋನಿನಿಂದ ಮಾಡುವ ಕರೆ, ಮಗುವಿನ ಸ್ಕೂಲ್ ವ್ಯಾನು ಕೆಟ್ಟು ನಿಂತಿದೆ ಅನ್ನುವ ಡ್ರೈವರ್ ಕರೆ, ಮೂರು ತಿಂಗಳಿಂದ ಕಾದ ಇಂಟರ್ವ್ಯೂ ಕರೆ, ಇವೆಲ್ಲ ಹಾಗೇ. ಫೋನ್ ಅಂದರೆ ಯಾರಾದರೂ ನಮ್ಮನ್ನು ತಲುಪಬಹುದು ಅನ್ನೋ ನಂಬಿಕೆ. ಸಾಲ ಮಾರೋರು, ಸೈಟು ಮಾರೋರು ಸೇರಿಕೊಂಡು ಆ ನಂಬಿಕೆಯನ್ನು ಪೈಸೆ ಲೆಕ್ಕದಲ್ಲಿ ತಿಂದುಹಾಕಿದ್ದಾರೆ. ಅವರಿಗೆ ಒಂದು ಕರೆಗೆ ತಗಲುವುದು ಪೈಸೆಗಳು. ಸಾವಿರದಲ್ಲಿ ಒಬ್ಬ ಸಿಕ್ಕಿದರೂ ಲಾಭ. ಉಳಿದ 999 ಜನರ ಸಮಯದ ಲೆಕ್ಕ ಯಾರ ಪುಸ್ತಕದಲ್ಲೂ ಇಲ್ಲ.

‘ಇದಕ್ಕೊಂದು ಕಾನೂನು ಬೇಕು’ ಅಂತ ಪ್ರತಿ ಸಲ ಯಾರಾದರೂ ಹೇಳ್ತಾರೆ. ಕಾನೂನಿಗೆ ಕೊರತೆಯೇ ಇಲ್ಲ. ಸುಮಾರು ಎರಡು ದಶಕಗಳಿಂದ ಒಂದರ ಮೇಲೊಂದು ಬರ್ತಾನೇ ಇವೆ. ಅವನ್ನೆಲ್ಲ ಸಾಲಾಗಿಟ್ಟು ಓದಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತೆ. ಅದನ್ನು ಹೇಳೋಕೇ ಈ ಬರಹ.

2007ರಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ‘ಡು ನಾಟ್ ಕಾಲ್’ ಪಟ್ಟಿಯನ್ನು ತಂದಿತು. ಕರೆ ಬೇಡ ಅನ್ನೋರು ಹೆಸರು ಬರೆಸಬೇಕು. ಮನೆಗೆ ಕಳ್ಳ ಬರಬಾರದು ಅಂದರೆ ಬಾಗಿಲಿಗೆ ‘ದಯವಿಟ್ಟು ಬರಬೇಡಿ’ ಅಂತ ಬೋರ್ಡು ಹಾಕಿಕೊಳ್ಳಿ ಅಂದ ಹಾಗೆ. ಕೆಲಸ ಮಾಡಲಿಲ್ಲ. 2010ರ ಡಿಸೆಂಬರ್‌ನಲ್ಲಿ ಹೊಸ ನಿಯಮಾವಳಿ ಬಂತು, 2011ರ ಸೆಪ್ಟೆಂಬರ್ 27ರಿಂದ ಪೂರ್ತಿ ಜಾರಿಯಾಯಿತು. 1909ಕ್ಕೆ ‘ಸ್ಟಾರ್ಟ್ 0’ ಅಂತ ಮೆಸೇಜು ಕಳಿಸಿದರೆ ಎಲ್ಲವೂ ಬಂದ್. ಬೇಕಾದರೆ ಏಳು ವಿಭಾಗಗಳಲ್ಲಿ ಆರಿಸಿಕೊಳ್ಳಬಹುದು: ಬ್ಯಾಂಕು-ವಿಮೆ, ರಿಯಲ್ ಎಸ್ಟೇಟು, ಶಿಕ್ಷಣ, ಆರೋಗ್ಯ ಹೀಗೆ. ಅದೇ ಸಮಯದಲ್ಲಿ ಇನ್ನೊಂದು ತಮಾಷೆಯೂ ಆಯಿತು. ಸ್ಪ್ಯಾಮ್ ತಡೆಯೋಕೆ ಅಂತ ಒಂದು ಸಿಮ್ಮಿನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಮಾತ್ರ ಅಂದರು, ಆಮೇಲೆ 200 ಮಾಡಿದರು. ವ್ಯಾಪಾರಿಯನ್ನು ಹಿಡಿಯೋಕೆ ಹೋಗಿ ದೀಪಾವಳಿ ಶುಭಾಶಯ ಕಳಿಸುವ ಕಾಲೇಜು ಹುಡುಗರನ್ನು ಹಿಡಿದ ಹಾಗಾಯಿತು.

2018ರ ಜುಲೈನಲ್ಲಿ ಬಂದ ನಿಯಮಾವಳಿ ಇವೆಲ್ಲಕ್ಕಿಂತ ಜಾಣತನದ್ದು. ಹೊಗಳೋದನ್ನು ಹೊಗಳಲೇಬೇಕು. ವ್ಯಾಪಾರಕ್ಕೆ ಮೆಸೇಜು ಕಳಿಸುವ ಪ್ರತಿ ಕಂಪನಿಯೂ ಬ್ಲಾಕ್‌ಚೈನ್ ಆಧಾರಿತ ಲೆಡ್ಜರ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಯಾವ ಹೆಸರಿನಿಂದ ಕಳಿಸುತ್ತೇವೆ, ಯಾವ ಮಾದರಿಯ ವಾಕ್ಯ ಕಳಿಸುತ್ತೇವೆ ಅಂತ ಮೊದಲೇ ಬರೆದಿಡಬೇಕು. 2021ರ ಮಾರ್ಚ್ 8ರಂದು ಇದನ್ನು ಕಟ್ಟುನಿಟ್ಟಾಗಿ ಜಾರಿ ಮಾಡಿದಾಗ ದೇಶದ ತುಂಬ ಓಟಿಪಿಗಳೇ ನಿಂತುಹೋದವು. ಬ್ಯಾಂಕು ವ್ಯವಹಾರ, ಆಧಾರ್ ದೃಢೀಕರಣ, ಕೋವಿಡ್ ಲಸಿಕೆಯ ನೋಂದಣಿ ಎಲ್ಲವೂ ಎಡವಿದವು. ಕಂಪನಿಗಳು ತಮ್ಮ ಮೆಸೇಜಿನ ಮಾದರಿಗಳನ್ನು ಸರಿಯಾಗಿ ಬರೆಸಿರಲೇ ಇಲ್ಲ. ಟ್ರಾಯ್ ಒಂದು ವಾರ ತಡೆಹಿಡಿದು ಮತ್ತೆ ಶುರು ಮಾಡಬೇಕಾಯಿತು. ಆದರೂ ಎಸ್ಸೆಮ್ಮೆಸ್ ಮಟ್ಟಿಗೆ ಒಂದು ಶಿಸ್ತು ಬಂತು. ಈಗ ಮೆಸೇಜಿನ ಹೆಸರಿನ ಕೊನೆಗೆ ಪಿ, ಎಸ್, ಟಿ, ಜಿ ಅಂತ ಒಂದಕ್ಷರ ಇರುತ್ತೆ: ಪಿ ಅಂದರೆ ಪ್ರಚಾರ, ಎಸ್ ಅಂದರೆ ಸೇವೆ, ಟಿ ಅಂದರೆ ವ್ಯವಹಾರ, ಜಿ ಅಂದರೆ ಸರ್ಕಾರ.

ಆದರೆ ಅಕ್ಷರವನ್ನು ಮಾದರಿಯ ಜೊತೆ ಹೋಲಿಸಿ ನೋಡಬಹುದು, ಮಾತನ್ನು ಹಾಗೆ ಹೋಲಿಸೋಕೆ ಆಗಲ್ಲ. ಕರೆ ಹೊರಡುವ ಮುಂಚೆ ಅದರಲ್ಲಿ ಏನು ಹೇಳ್ತಾರೆ ಅಂತ ನೆಟ್‌ವರ್ಕಿಗೆ ಗೊತ್ತಿರಲ್ಲ, ಗೊತ್ತಿರಲೂಬಾರದು. ಬಾಗಿಲು ಮುಚ್ಚಿದರೆ ಕಿಟಕಿ ಇದೆಯಲ್ಲ! ಮಾರೋರೆಲ್ಲ ಮಾಮೂಲಿ ಹತ್ತಂಕಿಯ ಸಿಮ್ಮು ಹಿಡಿದು ಕರೆಗೆ ಇಳಿದರು. 2024ರ ಮೊದಲ ಆರು ತಿಂಗಳಲ್ಲೇ ನೋಂದಾಯಿಸದ ಟೆಲಿಮಾರ್ಕೆಟರ್‌ಗಳ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು ಬಂದವು ಅಂತ ಟ್ರಾಯ್ ಹೇಳಿತು. ಆಗಸ್ಟ್‌ನಲ್ಲಿ ಕಂಪನಿಗಳಿಗೆ ಆದೇಶ ಹೋಯಿತು. ಸೆಪ್ಟೆಂಬರ್ ಹೊತ್ತಿಗೆ 2.75 ಲಕ್ಷ ನಂಬರು ಕಡಿತ, 50 ಸಂಸ್ಥೆಗಳು ಕಪ್ಪುಪಟ್ಟಿಗೆ.

ಇಷ್ಟಾದ ಮೇಲೆ 2025ರ ಫೆಬ್ರವರಿ 12ರ ತಿದ್ದುಪಡಿ ಬಂತು. ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು, ಸೇವೆ ಮತ್ತು ವ್ಯವಹಾರದ ಕರೆ 1600ರಿಂದ. ಹತ್ತಂಕಿಯ ಮಾಮೂಲಿ ನಂಬರಿನಿಂದ ಮಾರಾಟ ಮಾಡುವ ಹಾಗಿಲ್ಲ. ದೂರು ಕೊಡೋಕೆ ಮುಂಚೆ 3 ದಿನ ಇತ್ತು, ಈಗ 7 ದಿನ. ದೂರಿನ ಮೇಲೆ ಕ್ರಮಕ್ಕೆ 30 ದಿನ ಇದ್ದದ್ದು 5 ದಿನ ಆಯಿತು. ಡಿಎನ್‌ಡಿಯಲ್ಲಿ ಹೆಸರು ಬರೆಸದವರೂ ದೂರು ಕೊಡಬಹುದು. ಮುಂಚೆ 7 ದಿನದಲ್ಲಿ 10 ದೂರು ಬಂದರೆ ಕ್ರಮ, ಈಗ 10 ದಿನದಲ್ಲಿ 5 ದೂರು ಸಾಕು. ಮೊದಲ ಸಲ ಸಿಕ್ಕಿಬಿದ್ದರೆ 15 ದಿನ ಹೊರಹೋಗುವ ಕರೆ ಬಂದ್, ಮತ್ತೆ ಮಾಡಿದರೆ ಎಲ್ಲ ಕಂಪನಿಗಳಲ್ಲೂ ಒಂದು ವರ್ಷ ಬಂದ್.

ಒಳ್ಳೇ ಕೆಲಸ. ವ್ಯಂಗ್ಯವಾಗಿ ಹೇಳ್ತಿಲ್ಲ, ನಿಜವಾಗಲೂ ಒಳ್ಳೇ ಕೆಲಸ. ಈಗ ನಾನು ಹೇಳಿದ ವಿಚಿತ್ರಕ್ಕೆ ಬರೋಣ.

ಈ ಎಲ್ಲ ನಿಯಮಗಳಲ್ಲಿ ಫೋನ್ ಎತ್ತಿದವರ ಪಾತ್ರ ಏನು? ನಾಲ್ಕೂ ಕಾಲಘಟ್ಟಗಳಲ್ಲಿ ನಾವು ಮಾಡುತ್ತಿರೋದು ಒಂದೇ ಕೆಲಸ: ವರದಿ ಮಾಡೋದು. ಕರೆ ಬಂದ ನಂಬರು, ದಿನಾಂಕ, ಏನು ಹೇಳಿದರು ಅನ್ನೋದನ್ನು ಬರೆದು 1909ಕ್ಕೆ ಕಳಿಸಬೇಕು. ನಮ್ಮ ಹಾಗೆ ಇನ್ನೂ ನಾಲ್ಕು ಜನ ಹತ್ತು ದಿನದೊಳಗೆ ಅದೇ ಕೆಲಸ ಮಾಡಬೇಕು. ಆಗ ವ್ಯವಸ್ಥೆಯ ಗಂಟೆ ಬಾರಿಸುತ್ತೆ. ಮಾರಾಟಗಾರನ ಫೋನು ಕಡಿತ ಆಗಬಹುದು. ದೂರಿನ ಲೆಕ್ಕವನ್ನು ತಪ್ಪಾಗಿ ತೋರಿಸಿದ ಟೆಲಿಕಾಂ ಕಂಪನಿಗೆ ಮೊದಲ ಸಲಕ್ಕೆ 2 ಲಕ್ಷ, ಎರಡನೇ ಸಲಕ್ಕೆ 5 ಲಕ್ಷ, ಆಮೇಲೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಆ ದುಡ್ಡಿನಲ್ಲಿ ಎಂಟಾಣೆಯೂ ನಮ್ಮ ಕಡೆ ಬರಲ್ಲ. ಸಮಯ ಕಳೆದುಕೊಂಡವರು ನಾವು, ಪತ್ತೆದಾರಿಕೆ ಮಾಡಿದವರು ನಾವು, ಕೊನೆಗೆ ಸಿಗೋದು ದೂರಿನ ಸಂಖ್ಯೆ ಇರುವ ಒಂದು ಮೆಸೇಜು. ಹೊಗೆ ಪತ್ತೆ ಹಚ್ಚುವ ಯಂತ್ರವನ್ನು ಕಟ್ಟಡದ ಛಾವಣಿಗೆ ಅಂಟಿಸುತ್ತಾರಲ್ಲ, ಈ ಕಾನೂನಿಗೆ ನಾವು ಹಾಗೆ. ಹಕ್ಕುಳ್ಳ ಮನುಷ್ಯರು ಅಂತ ನಮ್ಮನ್ನು ಅದು ಎಲ್ಲೂ ನೋಡಿಲ್ಲ.

‘ಅಯ್ಯೋ, ಒಂದು ಫೋನ್ ಕಾಲಿಗೆ ಯಾರಾದರೂ ದುಡ್ಡು ಕೊಡ್ತಾರಾ?’ ಅಂತ ಕೇಳಬಹುದು. ಕೊಡ್ತಾರೆ. ಅಮೆರಿಕದಲ್ಲಿ 1991ರಿಂದ ಕೊಡಿಸುತ್ತಾ ಇದ್ದಾರೆ. ಆ ವರ್ಷ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಸಹಿ ಹಾಕಿದ ಟೆಲಿಫೋನ್ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಒಂದು ಸರಳ ಲೆಕ್ಕ ಇದೆ. ಒಪ್ಪಿಗೆ ಇಲ್ಲದೆ ಯಂತ್ರದ ದನಿಯಿಂದ ಕರೆ ಮಾಡಿದರೆ, ಕರೆ ಬಂದವರು ತಾವೇ ಕೋರ್ಟಿಗೆ ಹೋಗಬಹುದು. ಒಂದೊಂದು ಕರೆಗೆ 500 ಡಾಲರ್. ಗೊತ್ತಿದ್ದೂ ಬೇಕಂತಲೇ ಮಾಡಿದ್ದರೆ ಮೂರು ಪಟ್ಟು, 1,500 ಡಾಲರ್. ನಷ್ಟ ಎಷ್ಟಾಯಿತು ಅಂತ ಸಾಬೀತು ಮಾಡೋದೂ ಬೇಡ. ಊಟದ ಹೊತ್ತಲ್ಲಿ ಎದ್ದುಹೋಗಿದ್ದಕ್ಕೆ ಎಷ್ಟು ನಷ್ಟ ಅಂತ ಯಾರಿಂದಲೂ ಸಾಬೀತು ಮಾಡೋಕೆ ಆಗಲ್ಲ ಅನ್ನೋದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಅದಕ್ಕೇ ಬೆಲೆಯನ್ನು ಕಾಯ್ದೆಯಲ್ಲೇ ನಿಗದಿ ಮಾಡಿಬಿಟ್ಟರು.

ಹಂಗಂತ ಅಮೆರಿಕದಲ್ಲಿ ಫೋನುಗಳು ಶಾಂತವಾಗಿವೆ ಅಂದುಕೊಳ್ಳಬೇಡಿ. ಅಲ್ಲೂ ತಿಂಗಳಿಗೆ ನೂರಾರು ಕೋಟಿ ಯಂತ್ರದ ಕರೆಗಳು. ಯಾಕೆ? ಒಂದು ಕಾರಣ, ವಂಚಕರು ಬೇರೆ ದೇಶದಲ್ಲಿ ಕೂತು ಸುಳ್ಳು ನಂಬರು ತೋರಿಸಿ ಕರೆ ಮಾಡ್ತಾರೆ. ಅವರ ಮೇಲೆ ಕೇಸು ಹಾಕೋಕೆ ವಿಳಾಸವೇ ಸಿಗಲ್ಲ. ಸರ್ಕಾರ ಹಾಕುವ ದಂಡದ ಕಥೆಯಂತೂ ಇನ್ನೂ ಚೆನ್ನ. 2015ರಿಂದ ಅಲ್ಲಿಯ ಸಂವಹನ ಆಯೋಗ ಇಂಥ ಪ್ರಕರಣಗಳಲ್ಲಿ ಸುಮಾರು 20.8 ಕೋಟಿ ಡಾಲರ್ ದಂಡ ಹಾಕಿ, ವಸೂಲು ಮಾಡಿದ್ದು ಬರೀ 6,790 ಡಾಲರ್ ಅಂತ ವಾಲ್ ಸ್ಟ್ರೀಟ್ ಜರ್ನಲ್ 2019ರಲ್ಲಿ ಬರೆಯಿತು. ಆ ದುಡ್ಡಿಗೆ ಬೆಂಗಳೂರಿನಲ್ಲಿ ಒಂದು ಮನೆಯ ಅಡ್ವಾನ್ಸ್ ಕೊಡಬಹುದೇನೋ. ಇನ್ನೊಂದು ಕಡೆ, ಈ ಕಾಯ್ದೆಯನ್ನೇ ಕಸುಬು ಮಾಡಿಕೊಂಡ ವಕೀಲರೂ ಹುಟ್ಟಿಕೊಂಡರು. ಗುಂಪು ದಾವೆಗಳಲ್ಲಿ ಗ್ರಾಹಕರಿಗೆ ಪುಡಿಗಾಸು, ವಕೀಲರಿಗೆ ಗಂಟು ಅನ್ನುವ ದೂರು ಅಲ್ಲಿ ಮಾಮೂಲು.

ಆದರೂ ಅಮೆರಿಕದ ಕಾಯ್ದೆಯಿಂದ ಕಲಿಯೋದು ಎರಡು ವಿಷಯ ಇದೆ. ಎರಡೂ ನಮಗೆ ನೇರವಾಗಿ ತಾಕುವಂಥವು.

ಮೊದಲನೆಯದು, ಕಾಯ್ದೆಯ ಭಾಷೆ. 1991ರ ಕಾಯ್ದೆ ಎರಡು ಥರದಲ್ಲಿ ಬೇಲಿ ಹಾಕಿತ್ತು. ಒಂದು ಕಡೆ ಯಂತ್ರವನ್ನು ವಿವರಿಸಿತು: ಯಾದೃಚ್ಛಿಕವಾಗಿ ಅಥವಾ ಸಾಲಾಗಿ ನಂಬರು ಹುಟ್ಟುಹಾಕಿ ಡಯಲ್ ಮಾಡುವ ಉಪಕರಣ. ಇನ್ನೊಂದು ಕಡೆ ಕೇಳಿಸಿಕೊಳ್ಳೋರ ಅನುಭವವನ್ನು ವಿವರಿಸಿತು: ಕೃತಕ ಅಥವಾ ಮೊದಲೇ ಮುದ್ರಿಸಿದ ದನಿ. ಮೂವತ್ತು ವರ್ಷ ಆದಮೇಲೆ ಏನಾಯಿತು ನೋಡಿ. 2021ರ ಏಪ್ರಿಲ್ 1ರಂದು ಅಲ್ಲಿಯ ಸುಪ್ರೀಂ ಕೋರ್ಟು ಫೇಸ್‌ಬುಕ್ ಪ್ರಕರಣದಲ್ಲಿ ಒಮ್ಮತದ ತೀರ್ಪು ಕೊಟ್ಟಿತು. ತಾನೇ ನಂಬರು ಹುಟ್ಟುಹಾಕದೆ, ಪಟ್ಟಿಯಲ್ಲಿರುವ ನಂಬರುಗಳಿಗೆ ಸುಮ್ಮನೆ ಕಳಿಸುವ ವ್ಯವಸ್ಥೆ ಆ ವ್ಯಾಖ್ಯೆಯೊಳಗೆ ಬರಲ್ಲ ಅಂದಿತು. ಇವತ್ತು ಯಾರು ತಾನೇ ಸುಮ್ಮನೆ ನಂಬರು ಹುಟ್ಟುಹಾಕ್ತಾರೆ? ಎಲ್ಲರ ಹತ್ತಿರವೂ ಪಟ್ಟಿ ಇದೆ. ಯಂತ್ರದ ವ್ಯಾಖ್ಯೆ ಅಲ್ಲಿಗೆ ಹಲ್ಲು ಕಳಕೊಂಡಿತು. ದನಿಯ ವ್ಯಾಖ್ಯೆ ಮಾತ್ರ ಗಟ್ಟಿಯಾಗಿ ನಿಂತಿತು. 2024ರ ಜನವರಿಯಲ್ಲಿ, ನ್ಯೂ ಹ್ಯಾಂಪ್‌ಶೈರ್ ಪ್ರಾಥಮಿಕ ಚುನಾವಣೆಗೆ ಎರಡು ದಿನ ಮುಂಚೆ, ಬೈಡನ್ ದನಿಯನ್ನು ಎಐನಿಂದ ನಕಲು ಮಾಡಿ ‘ಈಗ ಓಟು ಹಾಕಬೇಡಿ’ ಅನ್ನುವ ಅರ್ಥದ ಕರೆಗಳು ಹೋದವು. ಫೆಬ್ರವರಿ 8ಕ್ಕೆ ಸಂವಹನ ಆಯೋಗ ಹೇಳಿತು: ಎಐ ದನಿಯೂ ಕೃತಕ ದನಿಯೇ, 1991ರ ಕಾಯ್ದೆ ಸಾಕು. ಮೂರು ವಾರವೂ ಹಿಡಿಯಲಿಲ್ಲ. ಮಾಡಿಸಿದ ರಾಜಕೀಯ ಸಲಹೆಗಾರನಿಗೆ 60 ಲಕ್ಷ ಡಾಲರ್ ದಂಡ ಬಿತ್ತು. ಜನರಿಗೆ ಆಗುವ ತೊಂದರೆಯನ್ನು ಹಿಡಿದು ಕಾನೂನು ಬರೆದರೆ ಮೂವತ್ತು ವರ್ಷ ಬಾಳುತ್ತೆ, ಯಂತ್ರವನ್ನು ಹಿಡಿದು ಬರೆದರೆ ಯಂತ್ರದ ಜೊತೆಗೇ ಹಳೇದಾಗುತ್ತೆ.

ನಮ್ಮ 2018ರ ನಿಯಮಾವಳಿ ಆಟೋ ಡಯಲರ್ ಬಗ್ಗೆ ಮಾತಾಡುತ್ತೆ. ಬಳಸುವವರು ಟೆಲಿಕಾಂ ಕಂಪನಿಗೆ ಮೊದಲೇ ತಿಳಿಸಬೇಕು, ಎತ್ತಿದವರಿಗೆ ಬರೀ ಮೌನ ಸಿಗುವಂಥ ಕರೆಗಳು ಮಿತಿಯಲ್ಲಿರಬೇಕು ಅನ್ನುತ್ತೆ. ತಿಳಿಸಬೇಕಾದ್ದು ಕಂಪನಿಗೆ. ಎತ್ತಿದವರಿಗೆ ‘ನಾನು ಯಂತ್ರ’ ಅಂತ ಹೇಳಬೇಕು ಅನ್ನೋದಕ್ಕೆ ಅಷ್ಟೇ ಒತ್ತು ಬೇಕಿತ್ತು. ಈಗ ಬರುತ್ತಿರುವ ಎಐ ದನಿಗಳು ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನಲ್ಲ. ಉಸಿರೆಳೆದುಕೊಳ್ತವೆ, ‘ಹಾಂ ಸರ್, ಹೇಳಿ ಸರ್’ ಅಂತವೆ. ‘ನಿಮ್ಮ ಸಾಲವು ಪೂರ್ವ-ಅನುಮೋದಿತವಾಗಿದೆ’ ಅನ್ನುವ ಕಂಪ್ಯೂಟರ್ ಕನ್ನಡ ಕೇಳಿ ನಾವು ತಕ್ಷಣ ಕಟ್ ಮಾಡ್ತಿದ್ದೆವು. ಆ ಕೆಟ್ಟ ಕನ್ನಡವೇ ನಮಗಿದ್ದ ಕಾವಲು. ಅದೂ ಹೋಗ್ತಾ ಇದೆ. ಊರಲ್ಲಿರುವ ಅಮ್ಮನಿಗೆ ಮೈಸೂರು ಕಡೆಯ ಮೆದು ಮಾತಲ್ಲಿ, ಇಲ್ಲವೇ ಧಾರವಾಡದ ಕಡೆಯ ‘ರೀ’ ಹಚ್ಚಿ ಮಾತಾಡುವ ಯಂತ್ರ ಬಂದರೆ, ಅವರು ಅದಕ್ಕೆ ‘ಊಟ ಆಯ್ತಾ ಮಗಾ’ ಅಂತಲೂ ಕೇಳ್ತಾರೆ. ಟ್ರಾಯ್ ಹೆಸರು ಹೇಳಿಕೊಂಡೇ ‘ನಿಮ್ಮ ನಂಬರು ಎರಡು ಗಂಟೆಯಲ್ಲಿ ಬಂದ್ ಆಗುತ್ತೆ’ ಅಂತ ಹೆದರಿಸುವ ರೆಕಾರ್ಡೆಡ್ ಕರೆಗಳು ಬಂದು, ಅವನ್ನು ನಂಬಬೇಡಿ ಅಂತ ಟ್ರಾಯ್ ತಾನೇ ಪ್ರಕಟಣೆ ಕೊಡಬೇಕಾದ ಕಾಲ ಇದು.

ಎರಡನೆಯ ಪಾಠ, ಬಾಧ್ಯತೆ ಯಾರದ್ದು ಅನ್ನೋದು. ಅಮೆರಿಕದ ಕಾಯ್ದೆ ಪರದೇಶದ ವಂಚಕನ ಎದುರು ಸೋಲುತ್ತೆ, ಆದರೆ ವಿಳಾಸ ಇರುವ ಕಂಪನಿಯ ಎದುರು ಗೆಲ್ಲುತ್ತೆ. ಅಲ್ಲಿಯ ದೊಡ್ಡ ಬ್ಯಾಂಕುಗಳು, ಮಾರಾಟ ಕಂಪನಿಗಳು ಇಂಥ ದಾವೆಗಳಲ್ಲಿ ಕೋಟಿಗಟ್ಟಲೆ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿವೆ. ಈಗ ನಿಮ್ಮ ಫೋನಿಗೆ ಈ ವಾರ ಬಂದ ಕರೆಗಳನ್ನು ನೆನಪು ಮಾಡಿಕೊಳ್ಳಿ. ಲೋನು, ಕ್ರೆಡಿಟ್ ಕಾರ್ಡು, ವಿಮೆ, ಸರ್ಜಾಪುರ ರಸ್ತೆಯಲ್ಲೋ ದೇವನಹಳ್ಳಿಯಲ್ಲೋ ಪ್ರೀ-ಲಾಂಚ್ ಫ್ಲ್ಯಾಟು, ಮಕ್ಕಳ ಕೋಡಿಂಗ್ ಕ್ಲಾಸು. ಇವರಲ್ಲಿ ಬಹುಪಾಲು ಜನಕ್ಕೆ ಬೋರ್ಡಿದೆ, ಆಫೀಸಿದೆ, ಜಿಎಸ್‌ಟಿ ನಂಬರಿದೆ. ವಂಚಕರನ್ನು ಹಿಡಿಯೋದು ಪೊಲೀಸರ ಕಷ್ಟದ ಕೆಲಸ, ಒಪ್ಪೋಣ. ಆದರೆ ಇವರನ್ನು ಹಿಡಿಯೋಕೆ ಏನು ಕಷ್ಟ?

ಕಷ್ಟ ಇರೋದು ಏಜೆಂಟ್ ಅನ್ನೋ ಪರದೆಯಲ್ಲಿ. ಕರೆ ಮಾಡೋದು ಬ್ಯಾಂಕಲ್ಲ, ಬ್ಯಾಂಕಿನ ಸಾಲ ಮಾರುವ ಏಜೆನ್ಸಿ. ಬಿಲ್ಡರ್ ಅಲ್ಲ, ಅವನ ‘ಚಾನೆಲ್ ಪಾರ್ಟ್ನರ್’. ಸಿಮ್ಮು ಇರೋದು ಅಲ್ಲಿ ಕೆಲಸ ಮಾಡುವ ಹುಡುಗನ ಹೆಸರಲ್ಲಿ. ಐದು ದೂರು ಬಂದರೆ ಕಡಿತ ಆಗೋದು ಆ ಸಿಮ್ಮು. ಹುಡುಗ ಕೆಲಸ ಕಳಕೊಳ್ತಾನೆ, ಏಜೆನ್ಸಿ ಇನ್ನೊಂದು ಸಿಮ್ಮು ತರುತ್ತೆ, ಸಾಲ ಮಾರಾಟವಾದರೆ ಬಡ್ಡಿ ಮಾತ್ರ ಬ್ಯಾಂಕಿಗೇ ಹೋಗುತ್ತೆ. 2025ರ ಜನವರಿಯಲ್ಲಿ ಆರ್‌ಬಿಐ ಬ್ಯಾಂಕುಗಳಿಗೆ 1600 ಮತ್ತು 140 ಸರಣಿಯನ್ನೇ ಬಳಸಿ ಅಂತ ಹೇಳಿದ್ದು ಸರಿಯಾದ ಹೆಜ್ಜೆ. ಆದರೆ ಏಜೆಂಟನ ಹತ್ತಂಕಿಯ ಕರೆಗೂ ಬ್ಯಾಂಕೇ ಹೊಣೆ, ಹೊಣೆ ಅಂದರೆ ಎತ್ತಿದವರಿಗೆ ದುಡ್ಡು ಕೊಡುವ ಹೊಣೆ ಅಂತಾದರೆ, ಬ್ಯಾಂಕು ತಾನೇ ತನ್ನ ಏಜೆಂಟರ ಕಿವಿ ಹಿಂಡುತ್ತೆ. ಆ ಟೆಲಿಕಾಲರ್ ಹುಡುಗ ಹುಡುಗಿಯರ ಬಗ್ಗೆಯೂ ಒಂದು ಮಾತು. ಟಾರ್ಗೆಟ್ ಮುಟ್ಟದಿದ್ದರೆ ಸಂಬಳ ಕಟ್ ಆಗುವ ಕೆಲಸ ಅದು, ದಿನಕ್ಕೆ ನೂರಾರು ಸಲ ಬೈಗುಳ ಬೇರೆ. ಸಿಟ್ಟು ಅವರ ಮೇಲೆ ತೀರಿಸಿಕೊಳ್ಳೋದು ಸುಲಭ. ಈಗಿನ ಕಾನೂನು ಮಾಡೋದೂ ಹೆಚ್ಚುಕಮ್ಮಿ ಅದನ್ನೇ.

‘ಹೊಸ ಡೇಟಾ ಕಾಯ್ದೆ ಬಂದಿದೆಯಲ್ಲ?’ ಅಂತ ಕೇಳೋರಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ. ದಂಡ 250 ಕೋಟಿ ರೂಪಾಯಿವರೆಗೆ. ಕೇಳೋಕೆ ಎದೆ ಉಬ್ಬುತ್ತೆ. ಆದರೆ ಆ ದಂಡವೆಲ್ಲ ಹೋಗೋದು ಭಾರತದ ಸಂಚಿತ ನಿಧಿಗೆ. ಮಾಹಿತಿ ಸೋರಿಕೆಯಿಂದ ನಷ್ಟವಾದವರಿಗೆ ಪರಿಹಾರ ಕೊಡಿಸಬಹುದಾಗಿದ್ದ ಹಳೆಯ ಐಟಿ ಕಾಯ್ದೆಯ 43ಎ ಸೆಕ್ಷನ್ನನ್ನು ತೆಗೆದುಹಾಕುವ ಏರ್ಪಾಡೂ ಇದೇ ಕಾಯ್ದೆಯಲ್ಲಿದೆ. ಇನ್ನೂ ಒಂದಿದೆ: ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ನಾಗರಿಕರಿಗೇ 10,000 ರೂಪಾಯಿವರೆಗೆ ದಂಡ. ಅಂದರೆ ಈ ಕಾಯ್ದೆಯಲ್ಲಿ ನಮ್ಮ ಹೆಸರಿನ ಮುಂದೆ ದುಡ್ಡಿನ ಅಂಕಿ ಬರೋದು ನಾವು ಕೊಡಬೇಕಾದ ಕಡೆ ಮಾತ್ರ! 2023ರ ದೂರಸಂಪರ್ಕ ಕಾಯ್ದೆಯ 28ನೇ ಸೆಕ್ಷನ್ನೂ ಇದೆ, 2024ರ ಜೂನ್ 26ರಿಂದ ಜಾರಿಯಲ್ಲಿದೆ. ಪ್ರಚಾರದ ಸಂದೇಶಕ್ಕೆ ಮೊದಲೇ ಒಪ್ಪಿಗೆ ಬೇಕು ಅನ್ನುವ ನಿಯಮ ಮಾಡುವ ಅಧಿಕಾರವನ್ನು ಅದು ಸರ್ಕಾರಕ್ಕೆ ಕೊಡುತ್ತೆ. ಅಧಿಕಾರ ಸರ್ಕಾರಕ್ಕೆ. ನಮಗೆ ಮತ್ತೆ ಕಾಯುವ ಪಾಳಿ.

ಗ್ರಾಹಕರ ಆಯೋಗಕ್ಕೆ ಹೋಗಬಹುದಾ? ಅಲ್ಲೊಂದು ತೊಡಕಿದೆ. ಗ್ರಾಹಕ ಅಂದರೆ ದುಡ್ಡು ಕೊಟ್ಟು ಸರಕು ಅಥವಾ ಸೇವೆ ಕೊಂಡವರು. ನಾನು ಆ ಬಿಲ್ಡರ್‌ನಿಂದ ಏನೂ ಕೊಂಡೇ ಇಲ್ಲ, ಕೊಳ್ಳಲ್ಲ ಅನ್ನೋದೇ ನನ್ನ ತಕರಾರು. 2024ರ ಜೂನ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಬೇಡದ ವ್ಯಾಪಾರಿ ಕರೆಗಳ ಬಗ್ಗೆ ಒಂದು ಕರಡು ಮಾರ್ಗಸೂಚಿ ಪ್ರಕಟಿಸಿ ಅಭಿಪ್ರಾಯ ಕೇಳಿತ್ತು. ಅದು ಈ ತೊಡಕನ್ನು ಮುಟ್ಟುವ ಒಂದು ಪ್ರಯತ್ನ. ಆದರೆ ಅಲ್ಲೂ ಕರೆಗಿಷ್ಟು ಅನ್ನುವ ಬೆಲೆ ಇಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ಗೊತ್ತಿರುವುದೇ: ನಮ್ಮ ಕೋರ್ಟುಗಳಲ್ಲಿ ಈಗಲೇ ಕೋಟಿಗಟ್ಟಲೆ ಕೇಸು ಬಾಕಿ ಇವೆ, ಇನ್ನು ಫೋನ್ ಕಾಲಿನ ಕೇಸೂ ಬಂದರೆ ಗತಿ ಏನು? ನ್ಯಾಯವಾದ ಆಕ್ಷೇಪ. ಅದಕ್ಕೆ ಕೋರ್ಟಿಗೆ ಹೋಗದೆಯೇ ದುಡ್ಡು ಕೊಡಿಸುವ ದಾರಿ ಬೇಕು. ಅದು ನಮ್ಮಲ್ಲೇ ಇದೆ. ಎಟಿಎಂನಲ್ಲಿ ದುಡ್ಡು ಬಾರದೆ ಖಾತೆಯಿಂದ ಕಡಿತವಾದರೆ, ಐದು ದಿನದೊಳಗೆ ವಾಪಸು ಹಾಕದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಅಂತ 2019ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಆದೇಶ ಮಾಡಿತು. ದೂರು ಕೊಡಲಿ ಬಿಡಲಿ, ಬ್ಯಾಂಕು ತಾನಾಗೇ ಹಾಕಬೇಕು. ವಕೀಲರಿಲ್ಲ, ವಾಯಿದೆ ಇಲ್ಲ.

ಟ್ರಾಯ್ ಕೂಡ ಒಮ್ಮೆ ಇಂಥ ಧೈರ್ಯ ಮಾಡಿತ್ತು. 2015ರ ಅಕ್ಟೋಬರ್‌ನಲ್ಲಿ, ಕರೆ ಮಧ್ಯದಲ್ಲಿ ಕಡಿದುಹೋದರೆ ಗ್ರಾಹಕರಿಗೆ ಒಂದು ರೂಪಾಯಿ, ದಿನಕ್ಕೆ ಮೂರು ಕರೆಯವರೆಗೆ ಅಂತ ನಿಯಮ ಮಾಡಿತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಕರೆ ಕಡಿಯೋಕೆ ಕಂಪನಿಯ ತಪ್ಪು ಕಾರಣವಾ, ಗ್ರಾಹಕರ ಕಡೆಯ ಕಾರಣವಾ ಅಂತ ನೋಡದೆ ಎಲ್ಲದಕ್ಕೂ ದುಡ್ಡು ಕೊಡಿಸೋದು ಮನಸ್ಸಿಗೆ ಬಂದ ಹಾಗೆ ಮಾಡಿದಂತೆ ಅನ್ನೋದು ಕೋರ್ಟಿನ ಮುಖ್ಯ ತಕರಾರುಗಳಲ್ಲೊಂದು. ಬಹುಶಃ ಅಂದು ಸುಟ್ಟ ಕೈಯನ್ನು ಟ್ರಾಯ್ ಇನ್ನೂ ಊದಿಕೊಳ್ತಾ ಇದೆ. ಆದರೆ ಬೇಡದ ಕರೆಯ ವಿಷಯದಲ್ಲಿ ಆ ತಕರಾರು ನಿಲ್ಲಲ್ಲ. ಕರೆ ಕಡಿಯೋಕೆ ನೂರು ಕಾರಣ ಇರಬಹುದು: ಮಳೆ, ಗೋಡೆ, ಲಿಫ್ಟು, ಬ್ಯಾಟರಿ. ಒಪ್ಪಿಗೆ ಇಲ್ಲದೆ ಫ್ಲ್ಯಾಟು ಮಾರೋಕೆ ಬಂದ ಕರೆಗೆ ಒಂದೇ ಕಾರಣ, ಯಾರೋ ಮಾಡಿಸಿದ್ದಾರೆ. ಒಪ್ಪಿಗೆ ಇತ್ತು ಅಂತ ತೋರಿಸೋಕೆ ಲೆಡ್ಜರ್ ಇದೆ. ದಾಖಲೆ ಇದ್ದರೆ ಕಂಪನಿ ಗೆದ್ದಿತು, ಇಲ್ಲದಿದ್ದರೆ ಕೊಡಬೇಕು.

ಹಾಗಾಗಿ ಕೇಳಬೇಕಾದದ್ದು ದೊಡ್ಡದೇನಲ್ಲ. ಸಾಬೀತಾದ ಪ್ರತಿ ಕರೆಗೂ ಒಂದು ನಿಗದಿತ ಮೊತ್ತ, ನೂರೋ ಇನ್ನೂರೋ ರೂಪಾಯಿ, ದೂರು ಕೊಟ್ಟವರ ಮೊಬೈಲ್ ಖಾತೆಗೆ ನೇರವಾಗಿ ಬರಲಿ. ಕೊಡುವವರು ಯಾರ ಸರಕು ಮಾರಾಟವಾಗುತ್ತಿತ್ತೋ ಅವರು, ಸಿಮ್ಮು ಹಿಡಿದ ಹುಡುಗ ಅಲ್ಲ. ಮಾತಾಡುತ್ತಿರೋದು ಯಂತ್ರವಾದರೆ ಮೊದಲ ವಾಕ್ಯದಲ್ಲೇ, ಕೇಳುವವರ ಭಾಷೆಯಲ್ಲಿ, ಹಾಗಂತ ಹೇಳಲಿ. ಐದು ಜನ ದೂರು ಕೊಡೋವರೆಗೆ ಕಾಯೋದು ಸಿಮ್ಮು ಕಡಿತ ಮಾಡೋಕೆ ಇರಲಿ, ಪರಿಹಾರಕ್ಕೆ ಒಂದೇ ದೂರು ಸಾಕು. ಕರೆ ಮಾಡೋಕೆ ಪೈಸೆಗಳು, ಸಿಕ್ಕಿಬಿದ್ದರೆ ನೂರು ರೂಪಾಯಿ ಅಂತಾದ ದಿನ ಸಾವಿರಕ್ಕೆ ಒಬ್ಬರು ಅನ್ನುವ ಲೆಕ್ಕ ತಲೆಕೆಳಗಾಗುತ್ತೆ.

ಇದನ್ನು ಯಾರಿಗೆ ಹೇಳೋದು ಅಂತೀರಾ? ಟ್ರಾಯ್ ಪ್ರತಿ ಬದಲಾವಣೆಗೂ ಮುಂಚೆ ಸಮಾಲೋಚನಾ ಪತ್ರ ಹೊರಡಿಸಿ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೆ. 2025ರ ತಿದ್ದುಪಡಿಗೂ 2024ರ ಆಗಸ್ಟ್ 28ರಂದು ಕೇಳಿತ್ತು. ಟೆಲಿಕಾಂ ಕಂಪನಿಗಳು, ಉದ್ಯಮ ಸಂಘಗಳು ಪುಟಗಟ್ಟಲೆ ಬರೆದು ಕಳಿಸುತ್ತವೆ. ನಾವು ಕಳಿಸಲ್ಲ. ಆದರೆ 2015ರಲ್ಲಿ ನೆಟ್ ನ್ಯೂಟ್ರಾಲಿಟಿ ಗಲಾಟೆ ಎದ್ದಾಗ ಇದೇ ಟ್ರಾಯ್‌ಗೆ ಹತ್ತು ಲಕ್ಷಕ್ಕೂ ಹೆಚ್ಚು ಈಮೇಲ್ ಹೋಗಿದ್ದವು. 2016ರ ಫೆಬ್ರವರಿಯಲ್ಲಿ ಬೇರೆ ಬೇರೆ ವೆಬ್‌ಸೈಟಿಗೆ ಬೇರೆ ಬೇರೆ ದರ ಹಾಕೋದನ್ನು ಟ್ರಾಯ್ ನಿಷೇಧಿಸಿತು. ಆ ಈಮೇಲ್ ಕಳಿಸಿದವರಲ್ಲಿ ನಮ್ಮ ಥರ ಆಫೀಸಿಗೆ ಹೋಗುವ ಜನ ಬಹಳ ಇದ್ದರು. ಮುಂದಿನ ಪತ್ರ ಬಂದಾಗ ಒಂದೇ ಒಂದು ಪುಟ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಎತ್ತಿದವರಿಗೆ ಏನು ಕೊಡ್ತೀರಿ ಅಂತ ಕೇಳಿ.